ಇಂದಿನ ಧಮ್ಮ ಚಿಂತನೆ: ಕೋಪವೂ ಛಲವೂ ಒಂದೇ ಅಲ್ಲ





ಚಳ್ಳಕೆರೆಯ ನಮ್ಮ ಅಧ್ಯಯನಕ್ಕೆ ಬರುವ ಹುಡುಗರಲ್ಲಿ ಫುಟ್‌ಬಾಲ್, ಕಬಡ್ಡಿ ಆಡುವವರಿದ್ದಾರೆ. ಅವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: "ಸರ್, ಕೋಪ ಇಲ್ದೆ ಗೆಲ್ಲೋದು ಹೆಂಗೆ? ನಮ್ಮೋರು ಸುಮ್ನಿದ್ದು ಸುಮ್ನಿದ್ದೇ ಅಲ್ವಾ ಇಷ್ಟು ತುಳಿಸಿಕೊಂಡಿದ್ದು?" ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಉತ್ತರವಾಗಿ ನಾನು ಅವರಿಗೆ ಪೆಪೆಯ ವಿಷಯ ಹೇಳುತ್ತೇನೆ.

*ಆಟಗಾರ*
ಪೆಪೆ 1983ರಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿ ಪೋರ್ಚುಗಲ್ ಪರ ಆಡಿದ ಡಿಫೆಂಡರ್. 2007ರಲ್ಲಿ ರಿಯಲ್ ಮ್ಯಾಡ್ರಿಡ್ ಸುಮಾರು 3 ಕೋಟಿ ಯೂರೋ ಕೊಟ್ಟು ಆತನನ್ನು ಕೊಂಡಿತು. ಅಷ್ಟು ಪ್ರತಿಭೆ. ಅಷ್ಟೇ ಮುಂಗೋಪ.

2009ರ ಏಪ್ರಿಲ್ 21ರಂದು ಗೆಟಾಫೆ ವಿರುದ್ಧದ ಪಂದ್ಯದಲ್ಲಿ ಎದುರಾಳಿ ಕಾಸ್ಕೆರೊನನ್ನು ಬೀಳಿಸಿ ಪೆನಾಲ್ಟಿ ಬಿಟ್ಟುಕೊಟ್ಟ. ಅಷ್ಟಕ್ಕೇ ನಿಲ್ಲಲಿಲ್ಲ. ನೆಲಕ್ಕೆ ಬಿದ್ದವನನ್ನು ಒದ್ದ, ಇನ್ನೊಬ್ಬನ ಮುಖಕ್ಕೆ ಹೊಡೆದ. ಆ ಪೆನಾಲ್ಟಿ ಗೋಲಾಗಲಿಲ್ಲ, ಪಂದ್ಯವನ್ನು ಮ್ಯಾಡ್ರಿಡ್ 3-2ರಿಂದ ಗೆದ್ದಿತು. ಕೋಪ ಮಾಡಿಕೊಳ್ಳಬೇಕಾದ ನಷ್ಟವೇ ಆಗಿರಲಿಲ್ಲ! ಆತನಿಗೆ ಸಿಕ್ಕಿದ್ದು 10 ಪಂದ್ಯಗಳ ನಿಷೇಧ. ಮೇ 2ರಂದು ಬಾರ್ಸಿಲೋನಾ ತಂಡ ಮ್ಯಾಡ್ರಿಡ್ ಅಂಗಳಕ್ಕೇ ಬಂದು 6 ಗೋಲು ಹೊಡೆದು ಹೋಯಿತು. ತಡೆಯಲೆಂದು ಕೊಂಡವನು ತಡೆಯಬೇಕಾದ ದಿನ ಮೈದಾನದಲ್ಲಿರಲಿಲ್ಲ.

2014ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ 37ನೇ ನಿಮಿಷಕ್ಕೇ ಮುಲ್ಲರ್‌ಗೆ ತಲೆಯಿಂದ ಗುದ್ದಿ ರೆಡ್ ಕಾರ್ಡ್ ಪಡೆದ. 0-2 ಇದ್ದದ್ದು 0-4 ಆಯಿತು. ಗುಂಪಿನಲ್ಲಿ ಅಮೆರಿಕದಷ್ಟೇ 4 ಅಂಕ ಗಳಿಸಿದರೂ, ಗೋಲುಗಳ ಲೆಕ್ಕದಲ್ಲಿ ಹಿಂದೆ ಬಿದ್ದು ಪೋರ್ಚುಗಲ್ ಮನೆಗೆ ಹೋಯಿತು.

ಅದೇ ಪೆಪೆ 2016ರ ಯೂರೋ ಫೈನಲ್‌ನಲ್ಲಿ, ರೊನಾಲ್ಡೊ ಗಾಯಗೊಂಡು ಹೊರನಡೆದ ಮೇಲೂ 120 ನಿಮಿಷ ಫ್ರಾನ್ಸ್ ತಂಡವನ್ನು ತಡೆದು ನಿಂತ. ಪೋರ್ಚುಗಲ್ 1-0ರಿಂದ ಗೆದ್ದಿತು, ಪಂದ್ಯಶ್ರೇಷ್ಠ ಆತನೇ. 2024ರಲ್ಲಿ 41ನೇ ವಯಸ್ಸಿನಲ್ಲಿ ಯೂರೋ ಕಪ್ ಆಡಿದ ಅತಿ ಹಿರಿಯ ಆಟಗಾರನಾಗಿ ನಿವೃತ್ತನಾದ.

*ಧಮ್ಮದ ದೃಷ್ಟಿ*
ಧಮ್ಮಪದದಲ್ಲಿ ಕೋಪಕ್ಕೆಂದೇ ಒಂದು ವಗ್ಗವಿದೆ. ಅಲ್ಲಿ ಭಗವಾನರು ಕೋಪ ತಡೆಯುವವನನ್ನು ಸಾರಥಿಗೆ ಹೋಲಿಸುತ್ತಾರೆ. ಗಮನಿಸಿ, ಸಾರಥಿ ಕುದುರೆಯನ್ನು ಕೊಲ್ಲುವುದಿಲ್ಲ. 2016ರ ಪೆಪೆ ಮೆತ್ತಗಾಗಿರಲಿಲ್ಲ, ಅದೇ ಬಿರುಸು ಇತ್ತು. ಆದರೆ ಆ ಬಿರುಸು ಚೆಂಡಿನ ಮೇಲಿತ್ತು, ಮನುಷ್ಯನ ಮೇಲಲ್ಲ. ಮೊದಲನೆಯದು ವಿರಿಯ, ಎರಡನೆಯದು ದ್ವೇಷ.

1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ ನಮ್ಮವರ ಮೇಲೆ ಹಲ್ಲೆಯಾಯಿತು. ತಿರುಗಿ ಹೊಡೆಯಲು ಜನ ಸಿದ್ಧರಿದ್ದರು. ಬಾಬಾಸಾಹೇಬರು ತಡೆದರು. ಹಾಗೆಂದು ಬಿಟ್ಟುಕೊಟ್ಟರೇ? ಇಲ್ಲ. ಕೋರ್ಟಿನಲ್ಲಿ ಹತ್ತು ವರ್ಷ ಹೋರಾಟ ನಡೆಯಿತು, 1937ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ನಮ್ಮ ಪರ ಬಂತು. ಅಂದು ಕೈ ಎತ್ತಿದ್ದರೆ "ಅವರೂ ಹೊಡೆದರು" ಎಂಬ ಮಾತೇ ಉಳಿಯುತ್ತಿತ್ತು, ನೀರಿನ ಮಾತು ಹಿಂದೆ ಸರಿಯುತ್ತಿತ್ತು.

ನಮ್ಮ ಹುಡುಗರು ಇದನ್ನು ಚೆನ್ನಾಗಿ ತಿಳಿಯಬೇಕು. ಕೆಣಕಿದವನು ತಪ್ಪಿಸಿಕೊಳ್ಳುತ್ತಾನೆ, ತಿರುಗಿ ಹೊಡೆದವನ ಮೇಲೆ ಕೇಸು ಬೀಳುತ್ತದೆ. ಓದು, ನೌಕರಿ ಎರಡಕ್ಕೂ ಕಲ್ಲು. ಅನ್ಯಾಯ ಸಹಿಸಿ ಎಂದು ನಾನು ಹೇಳುತ್ತಿಲ್ಲ. ಅನ್ಯಾಯಕ್ಕೆ ದೂರು ಕೊಡಿ, ಸಾಕ್ಷಿ ಇಡಿ, ಜೊತೆಗೆ ನಾಲ್ಕು ಜನರನ್ನು ಕರೆದುಕೊಂಡು ಹೋಗಿ. ಆ ಕೆಲಸಕ್ಕೆ ತಣ್ಣನೆಯ ತಲೆ ಬೇಕು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನಗಳಿವೆ. ಬೌದ್ಧ ಕಥೆಗಳಲ್ಲಿ ಆತನ ಮೊದಲ ಹೆಸರು ಚಂಡಾಶೋಕ. ಆ ಚಂಡನೇ ನಮ್ಮ ನೆಲದ ಬಂಡೆಯ ಮೇಲೆ ಜೀವಿಗಳಿಗೆ ದಯೆ ತೋರಿ ಎಂದು ಬರೆಸಿದ. ಮನಸ್ಸು ಬದಲಾಗುತ್ತದೆ ಎಂಬುದಕ್ಕೆ ಸಾಕ್ಷಿ ಬಸ್ಸು ಹತ್ತಿ ಹೋಗಿ ನೋಡುವಷ್ಟು ಹತ್ತಿರದಲ್ಲಿದೆ.

*ಇಂದಿನ ಅಭ್ಯಾಸ*
🔹 ಸಿಟ್ಟು ಬಂದಾಗ ಮೊದಲು ಎಲ್ಲಿ ಬಿಸಿಯಾಗುತ್ತದೆ? ಕಿವಿಯೋ, ಎದೆಯೋ, ಕೈಯೋ? ಗಮನಿಸಿ.
🔹 ಮೂರು ಉಸಿರಾಟ ಆಗುವವರೆಗೆ ಬಾಯಿ, ಕೈ ಎರಡನ್ನೂ ತಡೆಯಿರಿ.
🔹 ನಂತರ ಕೇಳಿಕೊಳ್ಳಿ: ನನಗೆ ಬೇಕಾದದ್ದು ಚೆಂಡೋ, ಅವನ ಕಾಲೋ?

ಇಂದು ರಾತ್ರಿ ಮಕ್ಕಳ ಜೊತೆ ಕೂತು ಇದನ್ನು ಓದಿ, ಮಾತಾಡಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 🙏