ಚಕ್ಕಡಿ ಹಗುರ, ಹೇರು ಮೊದಲಿನದೇ

ಶಿಗ್ಗಾಂವಿಯಲ್ಲಿ ನನ್ನ ಅಕ್ಕನದೊಂದು ಝೆರಾಕ್ಸ್ ಅಂಗಡಿ. ಅಲ್ಲಿನ ಕಂಪ್ಯೂಟರಿನ ಬಟನ್ ಒತ್ತಿ, ಪಕ್ಕದಲ್ಲಿ ಮಿರ್ಚಿ ಮಂಡಕ್ಕಿ ತಿಂದು ಬಂದರೂ ಪರದೆಯ ಮೇಲೆ ಚುಕ್ಕೆಗಳು ಸುತ್ತುತ್ತಲೇ ಇರುತ್ತಿದ್ದವು. 2 ಜಿಬಿ ರ‍್ಯಾಮ್, ಅದರ ಮೇಲೆ ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಕೈಬಿಟ್ಟಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, ಟಿಪಿಎಂ 2.0 ಚಿಪ್ ಬೇಕು. ಅಕ್ಕನ ಡಬ್ಬಿಯಲ್ಲಿ ಎರಡೂ ಇಲ್ಲ.

‘ಅಕ್ಕಾರ, ಇದು ಗುಜರಿಗೆ ಹಾಕೂದು. ತಿಂಗಳಾ 3,200 ಕಟ್ರಿ, ಹೊಸಾದು ಒಯ್ರಿ’ ಅಂದ ಕಂಪ್ಯೂಟರ್ ಅಂಗಡಿಯವ. 12 ಕಂತು, ಅಂದರೆ 38,400. ಅಕ್ಕನ ಕಂಪ್ಯೂಟರ್ ಮಾಡುವ ಕೆಲಸವೋ ಪಹಣಿ ತೆಗೆಯುವುದು, ಅರ್ಜಿ ತುಂಬುವುದು, ಬಯೋಡೇಟಾ ಟೈಪ್ ಮಾಡುವುದು. ‘ಎಂಟು ದಿನ ತಡಿ’ ಎಂದು ಅಕ್ಕನಿಗೆ ಹೇಳಿ ನನ್ನೂರು ಹಾನಗಲ್ಲಿಗೆ ಬಂದೆ.

ನಾನೇನು ಇದರಲ್ಲಿ ಪಂಡಿತನಲ್ಲ. ಹಿಂದೊಮ್ಮೆ ಲ್ಯಾಪ್‌ಟಾಪಿನ ರ‍್ಯಾಮ್ ಕೊಂಡುತಂದು ಡೆಸ್ಕ್‌ಟಾಪಿಗೆ ತುರುಕಲು ಹೋಗಿ 900 ರೂಪಾಯಿ ಕಳೆದುಕೊಂಡವನು. ಅಂದಿನಿಂದ ದುಡ್ಡು ಬಿಚ್ಚುವ ಮೊದಲು ಪೆನ್‌ಡ್ರೈವ್ ಹಚ್ಚಿ ನೋಡುತ್ತೇನೆ. ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸನ್ನು ಇನ್‌ಸ್ಟಾಲ್ ಮಾಡದೆ ಅದರಿಂದಲೇ ಓಡಿಸಿ ಪ್ರಿಂಟರ್, ವೈಫೈ, ಕನ್ನಡ ಟೈಪಿಂಗ್ ಪರೀಕ್ಷಿಸಬಹುದು. ಖರ್ಚು ಸೊನ್ನೆ.

ಪಪ್ಪಿ ಲಿನಕ್ಸ್ ಇಡಿಯಾಗಿ ರ‍್ಯಾಮಿಗೇ ಏರಿ ಕೂರುತ್ತದೆ, ಓಟದಲ್ಲಿ ಅದೇ ಮೊದಲು. ಆದರೆ ಅದರ ಮುಖ ಅಕ್ಕನಿಗೆ ಒಗ್ಗಲಿಲ್ಲ. ಇನ್ನೊಂದು ಹಗುರ ಲಿನಕ್ಸ್ ಲುಬುಂಟು ಒಗ್ಗಿತು. ಬ್ರೌಸರಿನಲ್ಲಿ ನಾಲ್ಕನೆಯ ಟ್ಯಾಬ್ ತೆರೆದಾಗ ಮಾತ್ರ ಮತ್ತೆ ಏದುಸಿರು. ಚಕ್ಕಡಿ ಹಗುರಾದರೇನು, ಮೇಲಿನ ಹೇರು ಮೊದಲಿನದೇ. ಹಾಗಾಗಿ ಕೊಂಡದ್ದು 1,800ಕ್ಕೆ ಎಸ್‌ಎಸ್‌ಡಿ, ಸವಣೂರಿನಲ್ಲಿ 500ಕ್ಕೆ ಹಳೆಯ 2 ಜಿಬಿ ರ‍್ಯಾಮ್. ಒಟ್ಟು 2,300. (ಸವಣೂರಿಗೆ ಹೋಗಿ ಎಲೆ, ಖಾರ ತರದೆ ಬರಲಾದೀತೇ? ಅದು ಬೇರೆ ಲೆಕ್ಕ.)

ನಿಜವಾದ ಬೆಲೆ ತೆತ್ತದ್ದು ‘ನುಡಿ’ ತಂತ್ರಾಂಶದ ಕಡತಗಳಿಗೆ. ಹತ್ತು ವರ್ಷದ ಅರ್ಜಿ ನಮೂನೆಗಳೆಲ್ಲ ಹಳೆಯ ನುಡಿ ಫಾಂಟಿನಲ್ಲಿದ್ದವು. ಲಿಬ್ರೆಆಫೀಸಿನಲ್ಲಿ ತೆರೆದರೆ ಮಾಟದ ಮಂತ್ರದಂತೆ ಕಂಡವು. ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ ತಿದ್ದಲು ನನ್ನ ಎರಡು ಭಾನುವಾರ ಹೋದವು. ಕೀಲಿಮಣೆಯ ಚಿಂತೆ ಇರಲಿಲ್ಲ: ಲಿನಕ್ಸಿನ ಐಬಸ್‌ನಲ್ಲಿ ನುಡಿಯದೇ ವಿನ್ಯಾಸ ಕೆಜಿಪಿ ಹೆಸರಿನಲ್ಲಿದೆ. ಸ್ಕ್ಯಾನರ್ ಮಾತ್ರ ಇಂದಿಗೂ ಹಟ ಬಿಟ್ಟಿಲ್ಲ, ಅಕ್ಕ ಫೋನಿನಲ್ಲೇ ಸ್ಕ್ಯಾನ್ ಮಾಡುತ್ತಾಳೆ.

ಇದನ್ನು ಕೇಳಿ ಹಿರೇಕೆರೂರಿನ ಬೀಜ-ಗೊಬ್ಬರದ ಅಂಗಡಿಯ ಸೋದರಮಾವನ ಮಗ ‘ನಂದಕ್ಕೂ ಹಾಕಿಕೊಡು’ ಎಂದ. ಒಲ್ಲೆ ಎಂದೆ. ಅವನ ವ್ಯವಹಾರವೆಲ್ಲ ಟ್ಯಾಲಿಯಲ್ಲಿ, ಟ್ಯಾಲಿ ಓಡುವುದು ವಿಂಡೋಸ್ ಮೇಲೆ. ಉಳಿಸಿದ ದುಡ್ಡು ಮುಂಗಾರಿನ ಒಂದೇ ವಾರದ ಬಿಲ್ಲಿನ ಗದ್ದಲದಲ್ಲಿ ಕರಗಿಹೋದೀತು. ಅವನು ಹೊಸದನ್ನೇ ಕೊಂಡ. ಸವಣೂರಿನ ಗೆಳೆಯನೊಬ್ಬ ತಂದದ್ದು 32-ಬಿಟ್ಟಿನ ಪುಟ್ಟ ನೆಟ್‌ಬುಕ್. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಲಿನಕ್ಸ್ ಕೂಡ ಅಂಥ ಯಂತ್ರಗಳಿಗೆ ಇನ್‌ಸ್ಟಾಲರ್ ಕೊಟ್ಟಿಲ್ಲ. ಆಂಟಿಎಕ್ಸ್‌ನಂಥವು ಇವೆ, ಆದರೂ ಆ ನೆಟ್‌ಬುಕ್ ಮೇಲೆ ಒಂದು ರೂಪಾಯಿಯನ್ನೂ ಹಾಕಬೇಡ ಎಂದೆ.

ಅಕ್ಕ ಕಟ್ಟದೆ ಉಳಿಸಿದ ಕಂತಿನಲ್ಲಿ ತಿಂಗಳಿಗೆ 1,000 ರೂಪಾಯಿ ಈಗ ಅಂಚೆ ಕಚೇರಿಯ ಆರ್‌ಡಿಗೆ ಹೋಗುತ್ತಿದೆ. ಪಾಸ್‌ಬುಕ್ಕಿನ ರಟ್ಟಿನ ಮೇಲೆ ಅವಳೇ ಪೆನ್ನಿನಲ್ಲಿ ಬರೆದಿದ್ದಾಳೆ: ‘ಮದರ್‌ಬೋರ್ಡ್’.