ಮಗು ದೊಡ್ಡವರ ಸೀಟಿಗೆ ಯಾವಾಗ ತಕ್ಕದ್ದಾಗುತ್ತದೆ?



ಹೋರಿಗರುವಿನ ಹೆಗಲಿಗೆ ನೊಗ ಇಡುವ ಮೊದಲು ನೀವು ಏನು ನೋಡುತ್ತೀರಿ? ಅದು ಹುಟ್ಟಿದ ತಿಂಗಳನ್ನು ಲೆಕ್ಕ ಹಾಕಿ ಸುಮ್ಮನಾಗುವುದಿಲ್ಲ. ಹಲ್ಲು ನೋಡುತ್ತೀರಿ, ಹೆಗಲು ಮುಟ್ಟಿ ನೋಡುತ್ತೀರಿ, ಹೇಳಿದ ಮಾತಿಗೆ ನಿಲ್ಲುತ್ತದೆಯೇ ಎಂದು ನೋಡುತ್ತೀರಿ. ಒಂದೇ ಹಟ್ಟಿಯಲ್ಲಿ ಒಂದೇ ವಾರ ಹುಟ್ಟಿದ ಎರಡು ಹಳ್ಳಿಕಾರ್ ಕರುಗಳಲ್ಲಿ ಒಂದು ಈ ವರ್ಷವೇ ಪಳಗಿಸುವುದಕ್ಕೆ ಬರುತ್ತದೆ. ಇನ್ನೊಂದಕ್ಕೆ ಮತ್ತೆ ಆರು ತಿಂಗಳು ಬೇಕಾಗುತ್ತದೆ. ಭತ್ತದ ಒಟ್ಟಲಿನಲ್ಲೂ ಹಾಗೆಯೇ. ದಿನ ಎಣಿಸುವುದರ ಜೊತೆಗೆ ಪೈರಿನ ಎಲೆಯನ್ನೂ ಬುಡವನ್ನೂ ನೋಡಿಯೇ ಕೀಳುತ್ತೀರಿ.

ಈ ವಿವೇಕವನ್ನು ನಾವು ವಾಹನದಲ್ಲಿ ಮಕ್ಕಳನ್ನು ಕೂರಿಸುವಾಗಲೂ ಉಪಯೋಗಿಸಬೇಕು. ಇಂದು ಮದ್ದೂರು, ಮಳವಳ್ಳಿ, ಮಂಡ್ಯದ ಹಳ್ಳಿಗಳಲ್ಲಿ ಬಹಳ ಮನೆಗಳಲ್ಲಿ ಬೈಕು ಇದೆ. ಮದುವೆಗೋ ಮುತ್ತತ್ತಿಗೋ ಹೋಗುವುದಾದರೆ ಕಾರು ಬಾಡಿಗೆಗೆ ಬರುತ್ತದೆ. ಮಗುವಿಗೆ ಐದು ತುಂಬಿತು ಎಂದ ಕೂಡಲೇ “ಇನ್ನು ದೊಡ್ಡವನಾದ, ತಾನೇ ಕೂರುತ್ತಾನೆ” ಎಂದುಬಿಡುತ್ತೇವೆ. ದೊಡ್ಡವನಾದನೆಂದು ಹೇಳಬೇಕಾದದ್ದು ಮಗುವಿನ ಮೈ, ಹುಟ್ಟಿದ ದಿನವಲ್ಲ. ಅದನ್ನು ಅಳೆದು ತಿಳಿಯುವುದು ಹೇಗೆಂಬುದೇ ಇಂದಿನ ಪಾಠ.

ಮೊದಲು ವೇಗದ ಲೆಕ್ಕ

ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಬೈಕು ಏನಕ್ಕಾದರೂ ಡಿಕ್ಕಿ ಹೊಡೆದರೆ, ಅದರ ಮೇಲಿನವರಿಗೆ ಸುಮಾರು 5 ಅಡಿ ಎತ್ತರದಿಂದ ಬಿದ್ದಷ್ಟು ಪೆಟ್ಟಾಗುತ್ತದೆ. ವೇಗ 40 ಆದರೆ ಎತ್ತರ 10 ಅಡಿ ಆಗುವುದಿಲ್ಲ, 20 ಅಡಿ ಆಗುತ್ತದೆ. ವೇಗ 80 ಆದರೆ ಸುಮಾರು 80 ಅಡಿ, ಎಂದರೆ ಹಳೆಯ ತೆಂಗಿನ ಮರದ ತುದಿಯಿಂದ ಬಿದ್ದ ಹಾಗೆ. ವೇಗ ಎರಡರಷ್ಟಾದರೆ ಪೆಟ್ಟು ನಾಲ್ಕರಷ್ಟಾಗುತ್ತದೆ ಎಂಬುದನ್ನು ನೆನಪಿಡಿ.

“ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ” ಎಂದು ತಾಯಿ ಹೇಳುವುದುಂಟು. 15 ಕಿಲೋ ತೂಕದ ಮಗುವನ್ನು ಹಿಡಿದು ಕುಳಿತ ಕಾರು 40ರ ವೇಗದಲ್ಲಿ ಡಿಕ್ಕಿಯಾಗಿ ಅರ್ಧ ಮೀಟರಿನಲ್ಲಿ ನಿಂತುಹೋಯಿತು ಎನ್ನಿ. ಆ ಕ್ಷಣದಲ್ಲಿ ಮಗುವನ್ನು ತಡೆದು ನಿಲ್ಲಿಸಲು ಸುಮಾರು 190 ಕಿಲೋ ಭಾರವನ್ನು ಹಿಡಿಯುವಷ್ಟು ಬಲ ಬೇಕು. ಅದು ಹತ್ತಿರ ಹತ್ತಿರ ಎರಡು ಕ್ವಿಂಟಲ್. ತಾಯಿಯ ಪ್ರೀತಿ ಎಷ್ಟೇ ದೊಡ್ಡದಾದರೂ ಅವಳ ತೋಳಿಗೆ ಆ ಬಲ ಇರುವುದಿಲ್ಲ. ಆದುದರಿಂದಲೇ ಪಟ್ಟಿ ಬೇಕು.

ಬೈಕಿನ ಮೇಲೆ

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಬೈಕಿನಲ್ಲಿ ಓಡಿಸುವವರ ಹೊರತು ಒಬ್ಬರು ಮಾತ್ರ ಕೂರಬಹುದು. ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಕರೆದೊಯ್ಯುವುದಾದರೆ ಏನು ಮಾಡಬೇಕೆಂದು 2022ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ನಿಯಮ ಹೊರಡಿಸಿತು. ಅದು ಒಂದು ವರ್ಷದ ನಂತರ, 2023ರಲ್ಲಿ ಜಾರಿಗೆ ಬಂತು. ಅದರಂತೆ ಮಗುವಿಗೆ ರಕ್ಷಾ ಪಟ್ಟಿ ತೊಡಿಸಬೇಕು, ತಲೆಗೆ ಸರಿಹೊಂದುವ ಹೆಲ್ಮೆಟ್ ಹಾಕಬೇಕು, ವೇಗ 40 ಕಿಲೋಮೀಟರ್ ಮೀರಬಾರದು.

ರಕ್ಷಾ ಪಟ್ಟಿ ಎಂದರೆ ಮಗುವಿಗೆ ತೊಡಿಸುವ ಒಂದು ಅಂಗಿ. ಅದಕ್ಕೆ ಸೇರಿದ ಎರಡು ಪಟ್ಟಿಗಳನ್ನು ಓಡಿಸುವವರು ತಮ್ಮ ಎರಡು ಹೆಗಲಿಗೆ ಹಾಕಿಕೊಳ್ಳುತ್ತಾರೆ. ಮಗುವಿನ ಮೈ ಓಡಿಸುವವರ ಮೈಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅದು 30 ಕಿಲೋವರೆಗೆ ಭಾರ ತಾಳುವಂತಿರಬೇಕೆಂದು ನಿಯಮವಿದೆ. ಈ ಅಂಕಿಯನ್ನು ಗಮನಿಸಿ. ನಾಲ್ಕು ವರ್ಷದ ಮಗು ಸಾಮಾನ್ಯವಾಗಿ ಅದರ ಅರ್ಧದಷ್ಟು ತೂಗುತ್ತದೆ. ಎಂದರೆ ನಾಲ್ಕು ತುಂಬಿದ ಮೇಲೂ ಆ ಪಟ್ಟಿ ಕೆಲಸಕ್ಕೆ ಬರುತ್ತದೆ. ನಾಲ್ಕು ವರ್ಷ ಎಂಬುದು ಕಾನೂನಿನ ಗಡಿ. ಪಟ್ಟಿ ಬಿಚ್ಚಲೇಬೇಕಾದ ದಿನವಲ್ಲ.

ಪಟ್ಟಿ ಬಿಡಿಸುವ ಮೊದಲು ಬೈಕನ್ನು ಅಂಗಳದಲ್ಲಿ ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮಗುವನ್ನು ಹಿಂದೆ ಕೂರಿಸಿ, ಈ ಐದನ್ನು ನೋಡಿ:

1. ಎರಡು ಪಾದಗಳೂ ಕಾಲಿಡುವ ಫುಟ್‌ರೆಸ್ಟಿನ ಮೇಲೆ ಪೂರ್ತಿ ಊರುತ್ತವೆಯೇ? ಬೆರಳ ತುದಿ ತಾಕಿದರೆ ಸಾಲದು. ಜೋತಾಡುವ ಕಾಲಿನ ಹಿಮ್ಮಡಿ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿ ಹರಿಯುವುದು ಸಣ್ಣ ಮಕ್ಕಳಿಗೆ ಆಗುವ ದೊಡ್ಡ ಗಾಯಗಳಲ್ಲೊಂದು.

2. ಮುಂದೆ ಕುಳಿತವರ ಸೊಂಟವನ್ನು ಎರಡು ಕೈಯಲ್ಲಿ ತಬ್ಬಿ, ಪ್ರಯಾಣ ಮುಗಿಯುವವರೆಗೆ ಬಿಡದೆ ಹಿಡಿಯಬಲ್ಲದೇ?

3. ದಾರಿಯಲ್ಲಿ ತೂಕಡಿಸುತ್ತದೆಯೇ? ಬೆಳಿಗ್ಗೆ ಹೋಗುವಾಗ ಚುರುಕಾಗಿದ್ದ ಮಗು ಸಂತೆಯಿಂದಲೋ ಜಾತ್ರೆಯಿಂದಲೋ ಸಂಜೆ ಮರಳುವಾಗ ನಿದ್ದೆಗೆ ಜಾರುತ್ತದೆ. ನಿದ್ದೆ ಬಂದ ಕೈ ತಾನಾಗಿ ಸಡಿಲವಾಗುತ್ತದೆ. ಆದುದರಿಂದ ಪರೀಕ್ಷೆ ಸಂಜೆಯ ಪ್ರಯಾಣದ್ದಾಗಿರಲಿ.

4. “ಅಲುಗಬೇಡ” ಎಂದರೆ ಅಲುಗದೆ ಕೂರುತ್ತದೆಯೇ? ದಾರಿಯಲ್ಲಿ ನವಿಲು ಕಂಡಿತೆಂದು ಒಂದು ಕಡೆಗೆ ವಾಲುವ ಮಗು ಇನ್ನೂ ಸಿದ್ಧವಾಗಿಲ್ಲ.

5. ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುತ್ತದೆಯೇ? ಅದರ ಅಂಚು ಹುಬ್ಬಿನಿಂದ ಎರಡು ಬೆರಳಷ್ಟು ಮೇಲಿರಬೇಕು. ಗಲ್ಲದ ಪಟ್ಟಿಯೊಳಗೆ ಒಂದೆರಡು ಬೆರಳು ಮಾತ್ರ ಹೋಗಬೇಕು. ತಲೆ ಆಡಿಸಿದರೆ ಹೆಲ್ಮೆಟ್ ಬೇರೆಯಾಗಿ ಆಡಬಾರದು. ಅಪ್ಪನ ಹೆಲ್ಮೆಟ್ಟನ್ನು ಮಗುವಿಗೆ ಹಾಕುವುದು ತಲೆಗೆ ಬುಟ್ಟಿ ಕವುಚಿದ ಹಾಗೆ.

ಈ ಐದರಲ್ಲಿ ಒಂದು ತಪ್ಪಿದರೂ ಪಟ್ಟಿ ಮುಂದುವರಿಯಲಿ. ಮೂರು ತಿಂಗಳ ನಂತರ ಮತ್ತೆ ನೋಡಿ.

ಪೆಟ್ರೋಲ್ ಟ್ಯಾಂಕಿನ ಮೇಲೆ ಮಗುವನ್ನು ಕೂರಿಸುವುದನ್ನು ಯಾವ ವಯಸ್ಸಿನಲ್ಲಿಯೂ ಮಾಡಬಾರದು. ಬೈಕು ಥಟ್ಟನೆ ನಿಂತರೆ ಮಗುವಿನ ಎದೆ ಹ್ಯಾಂಡಲ್ಲಿಗೆ ಬಡಿಯುತ್ತದೆ. ಹಿಂದಿನಿಂದ ಅಪ್ಪನ ಮೈಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. ಸ್ಕೂಟರಿನ ಮುಂದೆ ಮಗುವನ್ನು ನಿಲ್ಲಿಸುವುದಕ್ಕೂ ಇದೇ ಮಾತು.

ಕಾರಿನಲ್ಲಿ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಅವು ಸರ್ವಿಸ್ ರಸ್ತೆಯಲ್ಲಿಯೇ ಹೋಗಬೇಕು. ಮುಖ್ಯ ಪಥದಲ್ಲಿ ಕಾರುಗಳು ಬಹಳ ವೇಗವಾಗಿ ಓಡುತ್ತವೆ. ಮೇಲೆ ಹೇಳಿದ ತೆಂಗಿನ ಮರದ ಲೆಕ್ಕವನ್ನು ಅಲ್ಲಿ ನೆನಪಿಗೆ ತಂದುಕೊಳ್ಳಿ.

ಕಾರಿನ ಸೀಟ್ ಬೆಲ್ಟನ್ನು ದೊಡ್ಡವರ ಮೈಗೆ ಅಳತೆ ಮಾಡಿ ಹೊಲಿದಿರುತ್ತಾರೆ. ಅದರ ಕೆಳಗಿನ ಪಟ್ಟಿ ಸೊಂಟದ ಗಟ್ಟಿ ಮೂಳೆಯ ಮೇಲೆಯೂ, ಮೇಲಿನ ಪಟ್ಟಿ ಹೆಗಲ ನಡುವೆಯೂ ಬರಬೇಕು. ಸಣ್ಣ ಮಗುವಿಗೆ ಅದೇ ಬೆಲ್ಟು ಹಾಕಿದರೆ ಕೆಳಗಿನದು ಮೆತ್ತಗಿನ ಹೊಟ್ಟೆಗೆ ಏರುತ್ತದೆ, ಮೇಲಿನದು ಕುತ್ತಿಗೆಗೆ ಬರುತ್ತದೆ. ಡಿಕ್ಕಿಯಾದಾಗ ಕಾಪಾಡಬೇಕಾದ ಪಟ್ಟಿಯೇ ಕರುಳಿಗೂ ಬೆನ್ನೆಲುಬಿಗೂ ಪೆಟ್ಟು ಮಾಡುತ್ತದೆ. ಮಗುವನ್ನು ಸ್ವಲ್ಪ ಎತ್ತರಿಸಿ ಕೂರಿಸಿ, ಬೆಲ್ಟು ಸರಿಯಾದ ಜಾಗಕ್ಕೆ ಬರುವಂತೆ ಮಾಡುವ ಗಟ್ಟಿ ಆಸನಕ್ಕೆ ಬೂಸ್ಟರ್ ಸೀಟು ಎಂದು ಹೆಸರು. ಸುಮಾರು ನಾಲ್ಕು ವರ್ಷದೊಳಗಿನ ಮಗುವಿಗೆ ಇದು ಸಾಲದು. ಅದಕ್ಕೆ ತನ್ನದೇ ಪಟ್ಟಿಗಳಿರುವ ಪುಟ್ಟ ಸೀಟು ಬೇಕು.

ಬೂಸ್ಟರ್ ಬಿಡಿಸುವುದಕ್ಕೆ ಎತ್ತರವೇ ಮುಖ್ಯ ಅಳತೆ. ಸಾಮಾನ್ಯವಾಗಿ 145 ಸೆಂಟಿಮೀಟರ್, ಎಂದರೆ ಸುಮಾರು 4 ಅಡಿ 9 ಅಂಗುಲ ಆಗುವವರೆಗೆ ಅದು ಬೇಕಾಗುತ್ತದೆ. ಕೆಲವು ಮಕ್ಕಳು ಎಂಟು ಒಂಬತ್ತಕ್ಕೆ ಸಿದ್ಧರಾಗಬಹುದು. ಕೆಲವರಿಗೆ ಹನ್ನೆರಡು ಆಗಬೇಕು. ಬೂಸ್ಟರ್ ತೆಗೆದು, ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ ಹೀಗೆ ನೋಡಿ: ಬೆನ್ನು ಸೀಟಿನ ಬೆನ್ನಿಗೆ ಪೂರ್ತಿ ಒರಗಿದೆಯೇ? ಹಾಗೆ ಒರಗಿದಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಿಯುತ್ತದೆಯೇ? ಕೆಳಗಿನ ಪಟ್ಟಿ ತೊಡೆಯ ಮೇಲ್ಭಾಗಕ್ಕೆ ಒತ್ತಿಕೊಂಡಿದೆಯೇ? ಮೇಲಿನ ಪಟ್ಟಿ ಕುತ್ತಿಗೆಗೆ ತಾಕದೆ ಹೆಗಲ ನಡುವೆ ಹಾದಿದೆಯೇ? ಕೊನೆಯದಾಗಿ, ಪ್ರಯಾಣ ಮುಗಿಯುವವರೆಗೆ ಜಾರದೆ ಹಾಗೆಯೇ ಕೂರಬಲ್ಲದೇ?

ಮೊಣಕಾಲಿನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಲು ಚಿಕ್ಕದಾದರೆ ಮಗು ಅದನ್ನು ಮಡಿಸುವುದಕ್ಕಾಗಿ ಮುಂದಕ್ಕೆ ಜಾರುತ್ತದೆ. ಜಾರಿದ ಕೂಡಲೇ ಬೆಲ್ಟು ಹೊಟ್ಟೆಗೆ ಏರುತ್ತದೆ. ಐದಕ್ಕೂ “ಹೌದು” ಎಂದಾದರೆ ಬೂಸ್ಟರ್ ಬಿಡಿಸಬಹುದು. ಸೀಟು ಒಂದೊಂದು ಕಾರಿನಲ್ಲಿ ಒಂದೊಂದು ರೀತಿ ಇರುವುದರಿಂದ, ಒಂದು ಕಾರಿನಲ್ಲಿ ಪಾಸಾದ ಮಗು ಇನ್ನೊಂದರಲ್ಲಿ ಪಾಸಾಗದಿರಬಹುದು. ಬಾಡಿಗೆ ಕಾರು ಬದಲಾದಾಗ ಮತ್ತೆ ನೋಡಿ. ಬೂಸ್ಟರ್ ಬಿಟ್ಟ ಮೇಲೂ ಹನ್ನೆರಡು ವರ್ಷ ಮುಗಿಯುವವರೆಗೆ ಮಕ್ಕಳು ಹಿಂದಿನ ಸೀಟಿನಲ್ಲಿಯೇ ಇರಲಿ.

ಮಾಡಬಾರದ ಮೂರು ಕೆಲಸಗಳಿವೆ. ದಿಂಬು, ಕಂಬಳಿ ಮಡಿಸಿ ಬೂಸ್ಟರಿನ ಬದಲು ಹಾಕಬಾರದು. ಅದು ಡಿಕ್ಕಿಯಲ್ಲಿ ಅಮುಕಿ ಜಾರಿಹೋಗುತ್ತದೆ. ಕುತ್ತಿಗೆಗೆ ಒತ್ತುತ್ತದೆಂದು ಮೇಲಿನ ಪಟ್ಟಿಯನ್ನು ಬೆನ್ನ ಹಿಂದಕ್ಕೋ ಕಂಕುಳ ಕೆಳಕ್ಕೋ ತಳ್ಳಬಾರದು. ದೊಡ್ಡವರೂ ಮಗುವೂ ಸೇರಿ ಒಂದೇ ಬೆಲ್ಟು ಹಾಕಿಕೊಳ್ಳಬಾರದು. ದೊಡ್ಡವರ ಮೈ ಮಗುವನ್ನು ಜಜ್ಜುತ್ತದೆ.

ಹದಿನಾಲ್ಕು ತುಂಬದ ಮಗುವಿಗೆ ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದೆ ವಾಹನ ಓಡಿಸಿದರೆ ದಂಡವುಂಟೆಂದು ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿ ಹೇಳುತ್ತದೆ. ಆದರೆ ದಂಡದ ಭಯಕ್ಕಾಗಿ ಇದನ್ನು ಮಾಡಬೇಕಾಗಿಲ್ಲ. ಪೊಲೀಸರು ಇಲ್ಲದ ನಾಲೆ ಏರಿಯ ಮೇಲೂ ಪೆಟ್ಟು ಪೆಟ್ಟೇ.

ಟ್ರ್ಯಾಕ್ಟರಿನ ಮಾತು

ಕಬ್ಬು ಕಡಿಯುವ ಕಾಲದಲ್ಲಿ ಮಕ್ಕಳಿಗೆ ಟ್ರ್ಯಾಕ್ಟರ್ ಎಂದರೆ ಆಸೆ. ಇಲ್ಲಿ ವಯಸ್ಸಿನ ಪ್ರಶ್ನೆಯೂ ಇಲ್ಲ, ಅಳತೆಯ ಪ್ರಶ್ನೆಯೂ ಇಲ್ಲ. ಮಡ್‌ಗಾರ್ಡ್ ಆಸನವಲ್ಲ. ಗುಂಡಿಯಲ್ಲಿ ಒಮ್ಮೆ ಕುಲುಕಿದರೆ ಅಲ್ಲಿಂದ ಬೀಳುವ ಮಗು ನೇರವಾಗಿ ದೊಡ್ಡ ಚಕ್ರದ ಮುಂದೆ ಬೀಳುತ್ತದೆ. ಕಬ್ಬಿನ ಹೊರೆಯ ಮೇಲೆ, ಟ್ರೈಲರ್ ಸೇರಿಸುವ ಕೊಂಡಿಯ ಮೇಲೆ ಕೂರಿಸುವುದೂ ಹೀಗೆಯೇ ಅಪಾಯ. “ಒಂದು ಸುತ್ತು ತಾನೇ” ಎನ್ನುವುದನ್ನು ಬಿಡಿ.

ಮನೆಯಲ್ಲಿ ಬರುವ ಮಾತುಗಳು

“ನಾವೆಲ್ಲ ಇವಿಲ್ಲದೆಯೇ ಬೆಳೆಯಲಿಲ್ಲವೇ?” ಎಂದು ಹಿರಿಯರು ಕೇಳುತ್ತಾರೆ. ನಿಜ. ಆದರೆ ಅವರು ಬೆಳೆದದ್ದು ಎತ್ತಿನ ಗಾಡಿಯಲ್ಲಿ. ಎತ್ತು ನಡೆಯುವ ವೇಗಕ್ಕೆ ಬಿದ್ದರೆ ಮೊಣಕಾಲು ತರಚುತ್ತಿತ್ತು. ವಾಹನ ಬದಲಾದ ಮೇಲೆ ಎಚ್ಚರಿಕೆಯೂ ಬದಲಾಗಬೇಕು.

“ಊರೊಳಗೆ ತಾನೇ, ಎರಡು ಮೈಲಿ ತಾನೇ” ಎಂಬ ಮಾತೂ ಬರುತ್ತದೆ. ನಾವು ಹೆಚ್ಚಾಗಿ ಓಡಾಡುವುದೇ ಆ ಎರಡು ಮೈಲಿಯಲ್ಲಿ. ನಾಯಿ ಅಡ್ಡ ಬರುವುದು, ರಸ್ತೆಯಲ್ಲಿ ಒಕ್ಕಣೆಗೆ ಹರಡಿದ ಹುಲ್ಲಿನ ಮೇಲೆ ಚಕ್ರ ಜಾರುವುದು ಅಲ್ಲಿಯೇ.

“ಎಲ್ಲರೂ ನಗುತ್ತಾರೆ, ನಾನೇನು ಕೂಸೇ?” ಎಂದು ಮಗುವೇ ಅಳಬಹುದು. ಅದರೊಡನೆ ವಾದ ಬೇಡ. ಬಾಗಿಲ ಚೌಕಟ್ಟಿನ ಮೇಲೆ 4 ಅಡಿ 9 ಅಂಗುಲಕ್ಕೆ ಒಂದು ಗೆರೆ ಎಳೆಯಿರಿ. ಯುಗಾದಿಗೂ ದೀಪಾವಳಿಗೂ ಮಗುವನ್ನು ನಿಲ್ಲಿಸಿ ಅಳೆಯಿರಿ. “ಗೆರೆ ಮುಟ್ಟಿದ ದಿನ ನೋಡೋಣ” ಎಂದರೆ ಮಗುವಿಗೆ ಅದು ಶಿಕ್ಷೆ ಎನಿಸುವುದಿಲ್ಲ, ಬೆಳೆಯುವ ಆಟ ಎನಿಸುತ್ತದೆ.

ಖರ್ಚಿನ ಮಾತು ನ್ಯಾಯವಾದದ್ದು. ವರ್ಷಕ್ಕೆ ನಾಲ್ಕು ಸಲ ಕಾರು ಹತ್ತುವ ಮನೆಯವರು ಬೂಸ್ಟರ್ ಕೊಳ್ಳುವುದು ಕಷ್ಟ. ಔಷಧಿ ಸಿಂಪಡಿಸುವ ಯಂತ್ರವನ್ನು ಹಲವರು ಸೇರಿ ಇಟ್ಟುಕೊಳ್ಳುವಂತೆ ಇದನ್ನೂ ಇಟ್ಟುಕೊಳ್ಳಬಹುದು. ಊರಿನ ಸ್ತ್ರೀಶಕ್ತಿ ಸಂಘವೋ ಹಾಲು ಉತ್ಪಾದಕರ ಸಂಘವೋ ಎರಡು ಬೂಸ್ಟರ್ ಸೀಟು, ಎರಡು ರಕ್ಷಾ ಪಟ್ಟಿ ಕೊಂಡು, ಬೇಕಾದವರಿಗೆ ಪುಸ್ತಕದಲ್ಲಿ ಬರೆದು ಕೊಡಲಿ. ಬಿರುಕು ಬಿಟ್ಟದ್ದನ್ನೂ, ಅಪಘಾತದಲ್ಲಿದ್ದದ್ದನ್ನೂ ಮತ್ತೆ ಬಳಸಬಾರದು. ಹೆಲ್ಮೆಟ್ ಮಾತ್ರ ಪ್ರತಿ ಮಗುವಿಗೂ ತನ್ನದೇ ಇರಲಿ. ಅದರ ಮೇಲೆ ಐ.ಎಸ್.ಐ. ಗುರುತು ನೋಡಿ ಕೊಳ್ಳಿ.

ಈ ವಾರ ಮಾಡತಕ್ಕ ಕೆಲಸ

ಮನೆಯ ಚೌಕಟ್ಟಿನ ಮೇಲೆ ಗೆರೆ ಎಳೆಯಿರಿ. ಬೈಕನ್ನು ಅಂಗಳದಲ್ಲಿ ನಿಲ್ಲಿಸಿ ಐದು ಪರೀಕ್ಷೆ ಮಾಡಿ. ಮುಂದಿನ ಸಲ ಕಾರು ಗೊತ್ತುಮಾಡುವಾಗ “ಹಿಂದಿನ ಸೀಟಿಗೆ ಹೆಗಲ ಬೆಲ್ಟು ಇದೆಯೇ?” ಎಂದು ಬಾಡಿಗೆಗೆ ಮೊದಲೇ ಕೇಳಿ, ಬೂಸ್ಟರ್ ಸೀಟಿಗೆ ಅದು ಬೇಕೇಬೇಕು. ಸಂಘದ ಮುಂದಿನ ಸಭೆಯಲ್ಲಿ ಸೀಟಿನ ವಿಷಯ ಎತ್ತಿ.

ಎಳೆ ಹೋರಿಯನ್ನು ಆರು ತಿಂಗಳು ತಡವಾಗಿ ನೊಗಕ್ಕೆ ಹೂಡಿದರೆ ಕೆಡುವುದೇನೂ ಇಲ್ಲ; ಮೊದಲೇ ಹೂಡಿದರೆ ಹೆಗಲು ಜನ್ಮಕ್ಕೆ ಹಾಳಾಗುತ್ತದೆ. ಮಗುವಿನ ಪಟ್ಟಿಯನ್ನೂ ಆಸನವನ್ನೂ ಬಿಡಿಸುವಲ್ಲಿ ಸಂದೇಹ ಬಂದರೆ, ಇನ್ನೊಂದು ಹಬ್ಬದವರೆಗೆ ಕಾಯಿರಿ.