ಕುದಿಸಿದರೂ ಹೋಗದ ಕಲೆ

ಪ್ರಶ್ನೆ: ನಮ್ಮೂರು ಪಾವಗಡದ ಹತ್ತಿರ. ಕೊಳವೆಬಾವಿ ನೀರು ನೋಡಲು ತಿಳಿಯಾಗಿದೆ. ಆದರೂ ಬಟ್ಟೆಯಲ್ಲಿ ಸೋಸಿ, ಕುದಿಸಿ, ಆರಿಸಿಯೇ ಕುಡಿಯುತ್ತೇವೆ. ಹಾಗಿದ್ದೂ ಒಂಬತ್ತು ವರ್ಷದ ಮಗನ ಹಲ್ಲಿನ ಮೇಲೆ ಕಂದು ಗೆರೆಗಳಿವೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅತ್ತೆಯವರಿಗೆ ಬೆನ್ನು, ಮಂಡಿ ಬಿಗಿತ. 'ನಾವು ಕೆರೆ ನೀರು ಕುಡಿದೇ ಬೆಳೆದಿಲ್ಲವೇ, ನೀರಿನ ಮೇಲೇಕೆ ತಪ್ಪು ಹೊರಿಸುತ್ತೀರಿ' ಎನ್ನುತ್ತಾರೆ ಮಾವ. ಏನು ಮಾಡಲಿ ಡಾಕ್ಟರೇ?
— ಗೃಹಿಣಿ, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಮಾವನವರು ಕುಡಿದದ್ದು ಮಳೆಯಿಂದ ತುಂಬಿದ ಕೆರೆಯ ನೀರು. ನಿಮ್ಮ ಮಗ ಕುಡಿಯುತ್ತಿರುವುದು ನೂರಾರು ಅಡಿ ಆಳದ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆ ಕಲ್ಲಿನಲ್ಲಿರುವ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ.

ಹಾಗೆಂದು ನೀವು ಕುದಿಸಿದ್ದು ದಂಡವಾಗಲಿಲ್ಲ. ಟೈಫಾಯ್ಡ್, ಕಾಲರಾ, ಕಾಮಾಲೆ ತರುವ ರೋಗಾಣುಗಳು ಕೊತಕೊತ ಕುದಿಯುವ ನೀರಿನಲ್ಲಿ ಒಂದು ನಿಮಿಷದಲ್ಲಿ ಸಾಯುತ್ತವೆ. ಆದರೆ ಫ್ಲೋರೈಡ್‌ಗೆ ಜೀವವೇ ಇಲ್ಲ, ಸಾಯುವುದೆಲ್ಲಿಂದ ಬಂತು? ಸಾರು ಬತ್ತಿದಷ್ಟೂ ಉಪ್ಪಾಗುವಂತೆ, ನೀರು ಬತ್ತಿದಷ್ಟೂ ಅದರ ಪ್ರಮಾಣ ಏರುತ್ತದೆ.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಸಹಿಸಬಹುದು. ಎಂಟು ವರ್ಷದೊಳಗೆ, ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವಾಗ, ಇದು ಅತಿಯಾದರೆ ಹಲ್ಲಿನ ಹೊರಪದರವೇ ಕೆಡುತ್ತದೆ. ನಿಮ್ಮ ಮಗನದು ಇದೇ ಆಗಿದ್ದರೆ ಪೇಸ್ಟು ಬದಲಿಸಿ ಫಲವಿಲ್ಲ. ದಂತವೈದ್ಯರಿಗೆ ತೋರಿಸಿ, ಕಲೆ ಮರೆಮಾಡುವ ಚಿಕಿತ್ಸೆಗಳಿವೆ. ಫ್ಲೋರೈಡ್ ಇನ್ನೂ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ದೊಡ್ಡವರ ಮೂಳೆ, ಕೀಲುಗಳೂ ಬಿಗಿಯುತ್ತವೆ. ಆದರೆ ಅತ್ತೆಯವರ ನೋವೆಲ್ಲ ನೀರಿನದೇ ಎಂದು ಕಾಗದ ಓದಿ ಹೇಳಲಾರೆ. ವಯಸ್ಸಾದಂತೆ ಮಂಡಿ ಸವೆಯುವುದೂ ಉಂಟು. ವೈದ್ಯರು ನೋಡಿ, ಎಕ್ಸ್‌ರೇ ತೆಗೆಸಿ ತೀರ್ಮಾನಿಸಲಿ.

ಮೊದಲು ನೀರನ್ನು ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಅದಕ್ಕೂ ಮುಂಚೆ ಯಂತ್ರ ಕೊಳ್ಳಬೇಡಿ: ಯುವಿ ದೀಪದ ಫಿಲ್ಟರ್ ರೋಗಾಣು ಕೊಲ್ಲುತ್ತದೆಯೇ ಹೊರತು ಫ್ಲೋರೈಡ್ ತೆಗೆಯುವುದಿಲ್ಲ. ಅದಕ್ಕೆ ಆರ್‌ಒ ಬೇಕು. ಊರಲ್ಲಿ ಶುದ್ಧ ನೀರಿನ ಘಟಕವಿದ್ದು ಅದನ್ನು ಸರಿಯಾಗಿ ನಿರ್ವಹಿಸುತ್ತಿದ್ದರೆ ಅಲ್ಲಿನ ನೀರೇ ಸಾಕು. ಆದರೆ ಕುಡಿಯಲು ಕ್ಯಾನ್ ನೀರು, ಮುದ್ದೆಗೆ, ಸಾರಿಗೆ ಬೋರ್ ನೀರು ಎಂಬ ಎಡವಟ್ಟು ಬಹಳ ಮನೆಗಳಲ್ಲಿದೆ. ಅಡುಗೆಯ ನೀರೂ ಹೊಟ್ಟೆಗೇ ತಾನೇ ಹೋಗುವುದು! ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರು ಧಾರಾಳವಾಗಿ ಬಳಸಿ. ಹಾಲು, ರಾಗಿ, ನೆಲ್ಲಿಕಾಯಿ ತಟ್ಟೆಯಲ್ಲಿರಲಿ. ಕಡು ಚಹಾ ಕಡಿಮೆಯಾಗಲಿ, ಚಹಾ ಎಲೆಯಲ್ಲೇ ಫ್ಲೋರೈಡ್ ಇದೆ.

ಪ್ರಶ್ನೆ: ತಾರಸಿಯ ಮಳೆನೀರನ್ನು ಸಂಪಿನಲ್ಲಿ ಹಿಡಿದಿಟ್ಟಿದ್ದೇವೆ. ನೇರವಾಗಿ ಕುಡಿಯಬಹುದೇ?
— ಶಿಕ್ಷಕರು, ಕೋಲಾರ

ಉತ್ತರ: ನೇರವಾಗಿ ಬೇಡ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ, ಆ ಲೆಕ್ಕದಲ್ಲಿ ನೀವು ಪುಣ್ಯವಂತರು. ಆದರೆ ತಾರಸಿಯ ಮೇಲಿನ ಹಕ್ಕಿ ಹಿಕ್ಕೆ, ಧೂಳು ಎಲ್ಲ ಅದರೊಂದಿಗೇ ಇಳಿಯುತ್ತವೆ. ಮೊದಲ ಮಳೆಯ ನೀರನ್ನು ಹೊರಗೆ ಬಿಡಿ, ಮುಂದಿನದನ್ನು ಸೋಸಿ ತುಂಬಿ, ಕುಡಿಯುವಷ್ಟನ್ನು ತಪ್ಪದೆ ಕುದಿಸಿ. ಸಂಪಿನ ಮುಚ್ಚಳ ಭದ್ರವಾಗಿರಲಿ, ಇಲ್ಲವಾದರೆ ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆಯಿಡುತ್ತದೆ.